ಫುಜಿಗೆ ಎರಡು ದಿನ ಮೀಸಲಿಡಿ

ಜಪಾನಿನ ಫುಜಿ ಪರ್ವತವನ್ನು ಪ್ರತಿ ಬೇಸಿಗೆಯಲ್ಲೂ ಸುಮಾರು 2 ಲಕ್ಷ ಜನ ಹತ್ತುತ್ತಾರೆ. 3,776 ಮೀಟರ್ ಎತ್ತರದ ಈ ಬೆಟ್ಟಕ್ಕೆ ಹಗ್ಗ ಬೇಡ, ಪರ್ವತಾರೋಹಣದ ತರಬೇತಿಯೂ ಬೇಡ. ಶಾಲೆಗೆ ಹೋಗುವ ಮಕ್ಕಳು, ಎಪ್ಪತ್ತು ದಾಟಿದ ಹಿರಿಯರು ಹತ್ತಿ ಇಳಿಯುತ್ತಾರೆ. ಹಾಗಿದ್ದೂ ಗಟ್ಟಿಮುಟ್ಟಾದ ಯುವಕರು ಅರ್ಧ ದಾರಿಯಲ್ಲಿ ತಲೆ ಹಿಡಿದು ಕೂರುವುದು, ವಾಂತಿ ಮಾಡಿಕೊಂಡು ಹಿಂದಿರುಗುವುದು, ತುದಿಯಲ್ಲಿ ಚಳಿಗೆ ಗಡಗಡ ನಡುಗುವುದು ಅಲ್ಲಿ ಮಾಮೂಲು. ಹೆಚ್ಚಿನ ಸಲ ಅದಕ್ಕೆ ಕಾರಣ ಅವಸರ.

ಸಂಜೆ ಬಸ್ಸಿಳಿದು, ರಾತ್ರಿಯಿಡೀ ನಿದ್ದೆಗೆಟ್ಟು ಹತ್ತಿ, ತುದಿಯಲ್ಲಿ ಸೂರ್ಯೋದಯ ನೋಡಿ, ಮಧ್ಯಾಹ್ನದೊಳಗೆ ಟೋಕಿಯೊ ಸೇರುವ ಲೆಕ್ಕಾಚಾರ ಹಲವರದು. ಹೀಗೆ ಹತ್ತಿದವರಿಗೆ ದೇಹ ಸೋಲುವುದರ ಜೊತೆಗೆ ಇನ್ನೊಂದು ನಷ್ಟವೂ ಇದೆ. ಸೂರ್ಯ ಮೇಲೆ ಬಂದ ಕೂಡಲೇ ಅವರು ಇಳಿಯತೊಡಗುತ್ತಾರೆ. ಬೆನ್ನ ಹಿಂದೆಯೇ ಬಾಯ್ತೆರೆದಿರುವ ಕುಳಿಯನ್ನು ಸುತ್ತಿ ನೋಡುವ ತ್ರಾಣ ಉಳಿದಿರುವುದಿಲ್ಲ. ಜ್ವಾಲಾಮುಖಿಯನ್ನು ಹತ್ತಿ ಅದರ ಬಾಯಿಯನ್ನೇ ನೋಡದೆ ಬಂದರೆ ಏನು ಬಂತು? ಎರಡು ದಿನ ಕೊಟ್ಟು, ಒಂದು ರಾತ್ರಿ ಬೆಟ್ಟದ ಮೇಲೆ ತಂಗಿ, ಕುಳಿಯನ್ನು ಹಗಲಿನಲ್ಲಿ ನಿಧಾನವಾಗಿ ಸುತ್ತಿ ಬರುವುದೇ ಫುಜಿಯನ್ನು ಹತ್ತುವ ಸರಿಯಾದ ಕ್ರಮ. ಆ ರೀತಿ ಹೋಗಬೇಕೆನ್ನುವವರಿಗೆ ಬೇಕಾದ ವಿವರ ಇಲ್ಲಿದೆ.

ಕಾಲಡಿ ಇರುವ ಬೆಟ್ಟ ಎಂಥದ್ದು?

ದೂರದಿಂದ ಒಂದೇ ಶಂಕುವಿನಂತೆ ಕಾಣುವ ಫುಜಿ, ಒಂದರ ಮೇಲೊಂದು ಬೆಳೆದ ಹಲವು ಜ್ವಾಲಾಮುಖಿಗಳ ರಾಶಿ. ಕೊಮಿತಾಕೆ ಎಂಬ ಹಳೆಯ ಜ್ವಾಲಾಮುಖಿಯ ಮೇಲೆ ಹಳೆಯ ಫುಜಿ, ಅದನ್ನು ಮುಚ್ಚಿಕೊಂಡು ಸುಮಾರು 10,000 ವರ್ಷಗಳಿಂದ ಬೆಳೆದದ್ದು ಈಗಿನ ಫುಜಿ. ಇದರ ಕಲ್ಲು ಬಹುಪಾಲು ಬಸಾಲ್ಟ್. ನಮ್ಮ ವಿಜಯಪುರ, ಬೆಳಗಾವಿ, ಕಲಬುರಗಿ ಕಡೆಯ ಕಪ್ಪು ಕಲ್ಲೂ ಇದೇ ಜಾತಿಯದು. ಆದರೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ ಪ್ರಸ್ಥಭೂಮಿಯಲ್ಲಿ ಲಾವಾ ಉದ್ದುದ್ದ ಬಿರುಕುಗಳಿಂದ ಉಕ್ಕಿ ಸಮತಟ್ಟಾಗಿ ಹರಡಿತು. ಫುಜಿಯಲ್ಲಿ ಅದು ಹೆಚ್ಚಾಗಿ ನಡುವಿನ ಬಾಯಿಂದ ಬಂದು, ಬೂದಿ ಮತ್ತು ಜಲ್ಲಿಯೊಡನೆ ಪದರ ಪದರವಾಗಿ ಕೂತು, ಶಂಕುವಾಯಿತು.

ನಡೆಯುವವರಿಗೆ ಇದರಿಂದ ತಿಳಿಯಬೇಕಾದ ಸಂಗತಿಗಳು ಎರಡು. ದಾರಿಯ ಬಹುಭಾಗ ಜಾರುವ ಜಲ್ಲಿ ಮತ್ತು ಬೂದಿ; ಹೆಜ್ಜೆ ಇಟ್ಟಲ್ಲಿ ನಿಲ್ಲುವುದಿಲ್ಲ. ಎರಡನೆಯದಾಗಿ, ರಂಧ್ರಮಯವಾದ ಈ ಕಲ್ಲು ಬಿದ್ದ ಮಳೆಯನ್ನೆಲ್ಲ ಹೀರಿಕೊಳ್ಳುತ್ತದೆ. ಆ ನೀರು ಬೆಟ್ಟದ ಬುಡದಲ್ಲಿ ಒಶಿನೊ ಹಕ್ಕಾಯ್ ಕೊಳಗಳಾಗಿ, ಶಿರಾಇತೊ ಜಲಪಾತವಾಗಿ ಹೊರಬರುತ್ತದೆಯೇ ಹೊರತು ಹತ್ತುವ ದಾರಿಯಲ್ಲಿ ತೊರೆಯಾಗಿ ಸಿಗುವುದಿಲ್ಲ. ಪಶ್ಚಿಮ ಘಟ್ಟದ ಚಾರಣದಲ್ಲಿ ಹಳ್ಳದ ನೀರು ತುಂಬಿಕೊಂಡು ಅಭ್ಯಾಸವಾದವರು ಇಲ್ಲಿ ಅದನ್ನು ನೆಚ್ಚಬಾರದು. ನೀರನ್ನು ಹೊತ್ತೊಯ್ಯಬೇಕು, ಇಲ್ಲವೇ ತಂಗುಮನೆಗಳಲ್ಲಿ ದುಬಾರಿ ಬೆಲೆ ಕೊಟ್ಟು ಕೊಳ್ಳಬೇಕು.

ಯಾವಾಗ ಹೋಗಬೇಕು?

ನಮ್ಮಲ್ಲಿ ಕುಟುಂಬ ಸಮೇತ ಜಪಾನಿಗೆ ಹೋಗುವವರು ಸಾಮಾನ್ಯವಾಗಿ ಚೆರಿ ಹೂವಿನ ಏಪ್ರಿಲ್ ತಿಂಗಳನ್ನೋ ದಸರಾ ರಜೆಯನ್ನೋ ಆರಿಸಿಕೊಳ್ಳುತ್ತಾರೆ. ಎರಡೂ ಹೊತ್ತಿನಲ್ಲಿ ಫುಜಿಯನ್ನು ಕೆಳಗಿನಿಂದ ನೋಡಬಹುದು, ಹತ್ತುವಂತಿಲ್ಲ. ಹತ್ತುವ ಹಂಗಾಮು ಜುಲೈ ಮೊದಲ ಭಾಗದಿಂದ ಸೆಪ್ಟೆಂಬರ್ 10ರವರೆಗೆ ಮಾತ್ರ. ತುದಿಗಿರುವ ನಾಲ್ಕು ದಾರಿಗಳಲ್ಲಿ ಯೋಶಿದಾ ದಾರಿ ಜುಲೈ 1ರ ಸುಮಾರಿಗೆ, ಉಳಿದ ಮೂರು ದಾರಿಗಳು ಜುಲೈ 10ರ ಸುಮಾರಿಗೆ ತೆರೆಯುತ್ತವೆ. ಹಂಗಾಮಿನ ಹೊರಗೆ ದಾರಿ ಮುಚ್ಚಿರುತ್ತದೆ, ತಂಗುಮನೆಗಳಿಗೆ ಬೀಗ ಬಿದ್ದಿರುತ್ತದೆ. ಇಳಿಜಾರು ಮಂಜುಗಟ್ಟಿ ಗಾಜಿನಂತಾಗಿ, ನುರಿತ ಪರ್ವತಾರೋಹಿಗಳೂ ಜಾರಿ ಸತ್ತಿದ್ದಾರೆ. ಮೇ ತಿಂಗಳಲ್ಲಿ ಕೆಳಗೆ ಬಿಸಿಲಿದೆ ಎಂದು ಮೇಲಕ್ಕೆ ಹೊರಡಬೇಡಿ.

ಹಂಗಾಮಿನೊಳಗೂ ಶನಿವಾರ, ಭಾನುವಾರ ಮತ್ತು ಆಗಸ್ಟ್ ಮಧ್ಯದ ಓಬೊನ್ ಹಬ್ಬದ ವಾರವನ್ನು ಬಿಡಿ. ಆಗ ತುದಿಯ ಹತ್ತಿರ ಜನರ ಸಾಲು ಹೆಜ್ಜೆ ಹೆಜ್ಜೆಗೂ ನಿಲ್ಲುತ್ತದೆ. ಸೆಪ್ಟೆಂಬರ್ ಮೊದಲ ವಾರ ಜನ ಕಡಿಮೆ, ಆದರೆ ಚಂಡಮಾರುತದ ಕಾಲ. ಹವಾಮಾನ ನೋಡಿ ದಿನ ಬದಲಿಸಲು ಪ್ರವಾಸದಲ್ಲಿ ಒಂದೆರಡು ದಿನ ಸಡಿಲ ಇಟ್ಟುಕೊಳ್ಳಿ.

ಶುಲ್ಕ ಮತ್ತು ನಿಯಮ

2025ರ ಹಂಗಾಮಿನಿಂದ ನಾಲ್ಕೂ ದಾರಿಗಳಲ್ಲಿ ತಲಾ 4,000 ಯೆನ್ ಪ್ರವೇಶ ಶುಲ್ಕ ಕಡ್ಡಾಯವಾಗಿದೆ. ತಂಗುಮನೆಯಲ್ಲಿ ಜಾಗ ಕಾಯ್ದಿರಿಸದವರನ್ನು ಮಧ್ಯಾಹ್ನ 2ರಿಂದ ಬೆಳಗಿನ ಜಾವ 3ರವರೆಗೆ ಒಳಗೆ ಬಿಡುವುದಿಲ್ಲ. ಯೋಶಿದಾ ದಾರಿಯಲ್ಲಿ ದಿನಕ್ಕೆ 4,000 ಜನರ ಮಿತಿಯೂ ಇದೆ. ಶಿಜುಒಕಾ ಪ್ರಾಂತ್ಯದ ಉಳಿದ ಮೂರು ದಾರಿಗಳಿಗೆ ಮೊದಲೇ ಹೆಸರು ನೋಂದಾಯಿಸಿ, ಬೆಟ್ಟದ ನಿಯಮಗಳ ಕಿರು ಪಾಠವೊಂದನ್ನು ಮುಗಿಸಬೇಕು. ನಿದ್ದೆಗೆಟ್ಟು ಒಂದೇ ಓಟಕ್ಕೆ ಹತ್ತಿಳಿಯುವುದನ್ನು ಜಪಾನಿನವರು ಗುಂಡಿನ ವೇಗದ ಚಾರಣ ಎನ್ನುತ್ತಾರೆ. ಈ ನಿಯಮಗಳು ಬಂದದ್ದು ಅದನ್ನು ತಡೆಯಲೆಂದೇ. ದಿನಾಂಕ ಮತ್ತು ಮೊತ್ತ ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಹೊರಡುವ ಮುನ್ನ ಫುಜಿ ಚಾರಣದ ಅಧಿಕೃತ ಜಾಲತಾಣದಲ್ಲಿ ನೋಡಿಕೊಳ್ಳಿ.

ನಾಲ್ಕು ದಾರಿಗಳಲ್ಲಿ ನಿಮ್ಮದು ಯಾವುದು?

ಬುಡದಿಂದ ತುದಿಯವರೆಗಿನ ದಾರಿಯನ್ನು ಹಿಂದಿನಿಂದಲೂ ಹತ್ತು ಹಂತಗಳಾಗಿ ಎಣಿಸುತ್ತಾರೆ. ಬಸ್ಸು ಐದನೇ ಹಂತದವರೆಗೆ ಹೋಗುತ್ತದೆ, ಅಲ್ಲಿಂದ ನಡಿಗೆ. ಫಲಕಗಳಲ್ಲಿ ಪ್ರತಿ ದಾರಿಗೂ ಒಂದು ಬಣ್ಣ ಇದೆ.

ಯೋಶಿದಾ (ಹಳದಿ): 2,305 ಮೀಟರಿನಿಂದ ಶುರು. ಹತ್ತಲು ಸುಮಾರು 6 ಗಂಟೆ, ಇಳಿಯಲು 4 ಗಂಟೆ. ಟೋಕಿಯೊದ ಶಿಂಜುಕುವಿನಿಂದ ನೇರ ಬಸ್ಸು, ಸುಮಾರು ಎರಡೂವರೆ ಗಂಟೆ ಪ್ರಯಾಣ. ತಂಗುಮನೆಗಳೂ ಚಿಕಿತ್ಸಾ ಕೇಂದ್ರಗಳೂ ಇಲ್ಲೇ ಹೆಚ್ಚು. ಜನಸಂದಣಿಯೂ ಇಲ್ಲೇ ಹೆಚ್ಚು. ಮೊದಲ ಸಲ ಹೋಗುವವರಿಗೆ, ಮಕ್ಕಳು ಜೊತೆಗಿರುವವರಿಗೆ ಇದೇ ಸರಿ.

ಫುಜಿನೊಮಿಯಾ (ನೀಲಿ): ಸುಮಾರು 2,400 ಮೀಟರಿನಿಂದ ಶುರು. ಅತಿ ಗಿಡ್ಡ, ಅಷ್ಟೇ ಕಡಿದು, ಬಂಡೆಗಳ ದಾರಿ. ಹತ್ತುವುದೂ ಇಳಿಯುವುದೂ ಒಂದೇ ಹಾದಿ. ಒಸಾಕಾ, ಕ್ಯೋಟೊ ಕಡೆಯಿಂದ ಬರುವವರು ಶಿನ್-ಫುಜಿ ನಿಲ್ದಾಣದಲ್ಲಿ ಇಳಿದು ಇಲ್ಲಿಗೆ ಬಸ್ಸು ಹಿಡಿಯುವುದು ಸುಲಭ.

ಸುಬಾಶಿರಿ (ಕೆಂಪು): ಸುಮಾರು 2,000 ಮೀಟರಿನಿಂದ ಶುರು. ಮೊದಲ ಭಾಗ ಕಾಡಿನೊಳಗೆ, ನೆರಳಿನಲ್ಲಿ. ಎಂಟನೇ ಹಂತದ ಮೇಲೆ ಯೋಶಿದಾ ದಾರಿಯನ್ನು ಕೂಡಿಕೊಳ್ಳುತ್ತದೆ. ಗದ್ದಲ ಬೇಡ, ಮರಗಳೂ ಬೇಕು ಎನ್ನುವ ಅನುಭವಿಗಳಿಗೆ ನನ್ನ ಮೊದಲ ಸಲಹೆ ಇದು.

ಗೊತೆಂಬಾ (ಹಸಿರು): 1,440 ಮೀಟರಿನಿಂದ ಶುರು. 2,300 ಮೀಟರಿಗಿಂತ ಹೆಚ್ಚು ಏರಬೇಕು. ತಂಗುಮನೆ ವಿರಳ, ಬಯಲು ಬೂದಿಯ ಇಳಿಜಾರು, ಮಂಜು ಕವಿದರೆ ದಿಕ್ಕು ತಪ್ಪುತ್ತದೆ. ಪಳಗಿದವರಿಗೆ ಮಾತ್ರ.

ಎರಡು ದಿನದ ನಡಿಗೆ

ಮೊದಲ ದಿನ ಬೆಳಗ್ಗೆ 10-11ರೊಳಗೆ ಐದನೇ ಹಂತ ತಲುಪಿ. ಅಲ್ಲಿ ಕನಿಷ್ಠ ಒಂದು ಗಂಟೆ ಸುಮ್ಮನೆ ಇರಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಯೋಶಿದಾದಲ್ಲಿ ಬಸ್ಸಿಳಿದ ಜಾಗವೇ ಅದಕ್ಕಿಂತ 375 ಮೀಟರ್ ಮೇಲಿದೆ. ದೇಹಕ್ಕೆ ಅದನ್ನು ಅರಿತುಕೊಳ್ಳಲು ಹೊತ್ತು ಬೇಕು.

ಮಧ್ಯಾಹ್ನ ಹೊರಟು ಸಂಜೆ 4-5ರ ಹೊತ್ತಿಗೆ ಏಳನೇ ಅಥವಾ ಎಂಟನೇ ಹಂತದ ತಂಗುಮನೆ ಸೇರಿ. ಸಾಲಾಗಿ ಹಾಸಿದ ಹಾಸಿಗೆ, ಪಕ್ಕದವರ ಮೊಣಕೈ ತಾಗುವಷ್ಟೇ ಜಾಗ, ಸ್ನಾನವಿಲ್ಲ. ರಾತ್ರಿ ಊಟ, ಬೆಳಗಿನ ಬುತ್ತಿ ಸೇರಿ 10,000 ಯೆನ್ ದಾಟುವುದು ಸಾಮಾನ್ಯ. ದುಬಾರಿಯೇ. ಆದರೆ ಆ ರಾತ್ರಿಯ ವಿಶ್ರಾಂತಿಯಲ್ಲಿ ದೇಹ ತೆಳು ಗಾಳಿಗೆ ಒಗ್ಗಿಕೊಳ್ಳಲು ಶುರುಮಾಡುತ್ತದೆ. ಮುಂಗಡ ಕಾಯ್ದಿರಿಸುವಿಕೆ ವಸಂತದಲ್ಲೇ ಆರಂಭವಾಗಿ ಒಳ್ಳೆಯ ದಿನಗಳು ಬೇಗ ಮುಗಿಯುತ್ತವೆ.

ಈಗ ಸೂರ್ಯೋದಯದ ವಿಚಾರ. ಗೊರಾಯ್ಕೊ ಎಂದು ಜಪಾನಿನವರು ಭಕ್ತಿಯಿಂದ ಕರೆಯುವ ಆ ಹೊತ್ತು ಜುಲೈಯಲ್ಲಿ ಬೆಳಗಿನ ಜಾವ 4.30ರ ಸುಮಾರಿಗೆ, ಆಗಸ್ಟ್ ಕೊನೆಗೆ 5ರ ಸುಮಾರಿಗೆ. ಅದನ್ನು ತುದಿಯಲ್ಲೇ ನೋಡಬೇಕೆಂದು ತಂಗುಮನೆಯವರೆಲ್ಲ ರಾತ್ರಿ ಒಂದೆರಡು ಗಂಟೆಗೇ ಎದ್ದು ಹೊರಡುವುದರಿಂದ ಕೊನೆಯ ಏರಿನಲ್ಲಿ ಜನ ಕಿಕ್ಕಿರಿಯುತ್ತಾರೆ. ಆದರೆ ಯೋಶಿದಾ ಮತ್ತು ಸುಬಾಶಿರಿ ದಾರಿಗಳು ಪೂರ್ವದ ಕಡೆಗೆ ತೆರೆದಿವೆ. ತಂಗುಮನೆಯ ಅಂಗಳದಲ್ಲಿ ನಿಂತರೂ ಅದೇ ಸೂರ್ಯ, ಅದೇ ಮೋಡದ ಕಡಲು. ಪೂರ್ತಿ ನಿದ್ದೆ ಮಾಡಿ, ಅಲ್ಲೇ ಸೂರ್ಯೋದಯ ನೋಡಿ, ಬುತ್ತಿ ತಿಂದು, ಬೆಳಕಿನಲ್ಲಿ ಹತ್ತಿ. ನೀವು ಮೇಲೆ ತಲುಪುವ ಹೊತ್ತಿಗೆ ರಾತ್ರಿ ಬಂದವರು ಇಳಿದು ಹೋಗಿರುತ್ತಾರೆ, ಬಿಸಿಲೂ ಏರಿರುತ್ತದೆ. ಕುಳಿಯನ್ನು ನಿರಾಳವಾಗಿ ಸುತ್ತಬಹುದು.

ತೆಳು ಗಾಳಿ

ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದವರ ಕಾಲಿಗೆ ಫುಜಿ ಹೊಸ ಸವಾಲೇನೂ ಅಲ್ಲ. ಹೊಸದು ಗಾಳಿ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟೇ. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಅದೇ ಪ್ರಮಾಣದಲ್ಲಿ ಕಡಿಮೆ. ತಲೆನೋವು, ಓಕರಿಕೆ, ತಲೆಸುತ್ತು, ಹಸಿವಿಲ್ಲದಿರುವುದು ಇದರ ಲಕ್ಷಣಗಳು. ವಯಸ್ಸು ಚಿಕ್ಕದು, ಜಿಮ್‌ಗೆ ಹೋಗುತ್ತೇನೆ ಎಂದರೆ ಇದು ಬಿಡುವುದಿಲ್ಲ. ಗಟ್ಟಿಗರು ವೇಗವಾಗಿ ಏರುವುದರಿಂದ ಅವರಿಗೇ ಬೇಗ ಬರುವುದೂ ಉಂಟು.

ಜೊತೆಯವರೊಡನೆ ಮಾತಾಡಿಕೊಂಡೇ ಏರಬಲ್ಲಷ್ಟು ನಿಧಾನವಾಗಿ ನಡೆಯಿರಿ. ಬಾಯಾರುವ ಮೊದಲೇ ಗುಟುಕು ಗುಟುಕು ನೀರು ಕುಡಿಯಿರಿ. ಮದ್ಯ ಬೇಡ. ತಂಗುಮನೆ ತಲುಪಿದ ಕೂಡಲೇ ಮಲಗದೆ, ಸ್ವಲ್ಪ ಹೊತ್ತು ಕೂತು ಆಳವಾಗಿ ಉಸಿರಾಡಿ. ಅಂಗಡಿಗಳಲ್ಲಿ ಮಾರುವ ಡಬ್ಬಿ ಆಮ್ಲಜನಕ ಕೆಲವು ನಿಮಿಷದ ಸಮಾಧಾನ ಅಷ್ಟೆ. ತಲೆನೋವು ಹೆಚ್ಚುತ್ತ ಹೋದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ಇರುವ ಮದ್ದು ಒಂದೇ: ಕೆಳಗಿಳಿಯುವುದು. ಹೃದಯ, ಶ್ವಾಸಕೋಶದ ತೊಂದರೆ ಅಥವಾ ಅಧಿಕ ರಕ್ತದೊತ್ತಡ ಇರುವವರು ಊರಲ್ಲೇ ವೈದ್ಯರನ್ನು ಕೇಳಿ ಹೊರಡಿ.

ಚೀಲದಲ್ಲಿ ಏನಿರಬೇಕು?

ಟೋಕಿಯೊದಲ್ಲಿ 35 ಡಿಗ್ರಿ ಸೆಕೆ ಇರುವ ದಿನವೇ ತುದಿಯಲ್ಲಿ ಹೊತ್ತು ಮೂಡುವ ಮುಂಚೆ ಶೂನ್ಯದ ಹತ್ತಿರ ಇಳಿಯಬಹುದು. ಜುಲೈ, ಆಗಸ್ಟ್ ತಿಂಗಳಲ್ಲಿ ಅಲ್ಲಿನ ಸರಾಸರಿ ಉಷ್ಣಾಂಶ 5-6 ಡಿಗ್ರಿ. ಮೇಲೆ ಬೀಸುವ ಗಾಳಿ ಚಳಿಯನ್ನು ಇಮ್ಮಡಿಸುತ್ತದೆ. ಹತ್ತಿ ಬಟ್ಟೆ ಬೆವರಿಗೆ ಒದ್ದೆಯಾದರೆ ಒಣಗುವುದಿಲ್ಲ. ಬೇಗ ಒಣಗುವ ಒಳಬಟ್ಟೆ, ಬೆಚ್ಚನೆಯ ಉಣ್ಣೆ ಅಥವಾ ಫ್ಲೀಸ್ ಅಂಗಿ, ಅದರ ಮೇಲೆ ಗಾಳಿ-ಮಳೆ ತಡೆಯುವ ಪದರ ಇರಲಿ.

ಮಳೆಯುಡುಪು ಅಂಗಿ-ಪ್ಯಾಂಟು ಬೇರೆ ಬೇರೆಯಾಗಿರುವಂಥದ್ದೇ ಬೇಕು. ಕೊಡೆ ಆ ಗಾಳಿಗೆ ಉಪಯೋಗವಿಲ್ಲ. ಕಾಲಿನ ಗಿಣ್ಣಿನ ಮೇಲಿನವರೆಗೆ ಮುಚ್ಚುವ ಚಾರಣದ ಬೂಟು, ಅದರೊಳಗೆ ಜಲ್ಲಿ ನುಗ್ಗದಂತೆ ಕಾಲಿಗೆ ಕಟ್ಟುವ ಗೇಟರ್, ಹೆಡ್‌ಲ್ಯಾಂಪ್, ಕೈಗವಸು, ಟೋಪಿ, ತಂಪು ಕನ್ನಡಕ, ಒಂದೂವರೆ-ಎರಡು ಲೀಟರ್ ನೀರು ಇರಲಿ. ಮೇಲಿನಿಂದ ಕಲ್ಲು ಉರುಳುವುದರಿಂದ ಹೆಲ್ಮೆಟ್ ಒಯ್ಯುವುದು ಒಳ್ಳೆಯದು. ಇವೆಲ್ಲವನ್ನೂ ಊರಿಂದ ಹೊರಬೇಕಿಲ್ಲ. ಟೋಕಿಯೊದಲ್ಲೂ ಫುಜಿಯ ಬುಡದ ಕವಾಗುಚಿಕೊದಲ್ಲೂ ಬಾಡಿಗೆಗೆ ಸಿಗುತ್ತವೆ. ಬೂಟು ಮಾತ್ರ ನಿಮ್ಮ ಕಾಲಿಗೆ ಪಳಗಿದ್ದೇ ಆಗಿರಲಿ.

100 ಯೆನ್ ನಾಣ್ಯಗಳನ್ನು ಕೂಡಿಟ್ಟುಕೊಳ್ಳಿ. ಶೌಚಾಲಯಕ್ಕೆ ಪ್ರತಿ ಸಲ 200-300 ಯೆನ್ ಹಾಕಬೇಕು. ಕಸದ ತೊಟ್ಟಿ ದಾರಿಯಲ್ಲಿಲ್ಲ. ನಿಮ್ಮ ಕಸ ನಿಮ್ಮ ಚೀಲದಲ್ಲೇ ಕೆಳಗೆ ಬರಬೇಕು. ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಾದ್ದರಿಂದ ಒಂದು ಲಾವಾ ಕಲ್ಲನ್ನೂ ನೆನಪಿಗೆಂದು ತರುವಂತಿಲ್ಲ.

ಸಸ್ಯಾಹಾರಿಗಳ ಊಟ

ತಂಗುಮನೆಯ ರಾತ್ರಿಯೂಟ ಹೆಚ್ಚಾಗಿ ಅನ್ನ ಮತ್ತು ಜಪಾನಿ ಕರಿ. ಕರಿಯಲ್ಲಿ ಮಾಂಸದ ಕೊಬ್ಬು ಇರುವುದು ಸಾಮಾನ್ಯ. ಕಾಯ್ದಿರಿಸುವಾಗಲೇ ಕೇಳಿ, ಇಲ್ಲವೆಂದರೆ ಊಟವಿಲ್ಲದ ದರದಲ್ಲಿ ಜಾಗ ತೆಗೆದುಕೊಳ್ಳಿ. ಅಂಗಡಿಯಲ್ಲಿ ಸಿಗುವ ಒನಿಗಿರಿ ಅನ್ನದುಂಡೆಗಳಲ್ಲಿ ಉಪ್ಪು ಹಾಕಿದ ಉಮೆಬೊಶಿ ಹಣ್ಣಿನದು ಸುರಕ್ಷಿತ ಆಯ್ಕೆ, ಆದರೂ ಮೀನಿನ ಸಾರ ಬೆರೆತಿದೆಯೇ ಎಂದು ಫೋನಿನ ಅನುವಾದದಲ್ಲಿ ಚೀಟಿ ಓದಿಕೊಳ್ಳಿ. ಚಪಾತಿ, ಖಾಕ್ರಾ, ಚಿಕ್ಕಿಯಂಥವು ಎತ್ತರದಲ್ಲಿ ಹಸಿವು ಸತ್ತಾಗಲೂ ಬಾಯಿಗೆ ಹಿಡಿಸುತ್ತವೆ. ಅವನ್ನು ಊರಿಂದ ಒಯ್ಯುವುದಾದರೆ ಜಪಾನಿನ ಆಹಾರ ಆಮದು ನಿಯಮಗಳನ್ನು ಮೊದಲು ನೋಡಿ. ಮಾಂಸದ ಪದಾರ್ಥ, ತಾಜಾ ಹಣ್ಣು ಬೇಡವೇ ಬೇಡ.

ಕುಳಿಯ ಪ್ರದಕ್ಷಿಣೆ

ತುದಿಯ ಕುಳಿ ಸುಮಾರು 780 ಮೀಟರ್ ಅಗಲ, 200 ಮೀಟರಿಗಿಂತ ಹೆಚ್ಚು ಆಳ. ಅಂಚಿನಲ್ಲಿ ಎಂಟು ಶಿಖರಗಳಿವೆ ಎಂದು ಎಣಿಸುವುದು ಹಳೆಯ ರೂಢಿ. ಬೌದ್ಧ ಯಾತ್ರಿಕರಿಗೆ ಅವು ಕಮಲದ ಎಂಟು ದಳಗಳು, ನಡುವೆ ಮಹಾವೈರೋಚನ ಬುದ್ಧನ ನೆಲೆ. ಶಿಂತೊ ನಂಬಿಕೆಯಲ್ಲಿ ಈ ಬೆಟ್ಟ ಕೊನೊಹನಸಕುಯ-ಹಿಮೆ ದೇವಿಯದು. ಎಂಟನೇ ಹಂತದ ಮೇಲಿನ ನೆಲದ ಬಹುಪಾಲು ಇಂದಿಗೂ ಫುಜಿಸಾನ್ ಹೊಂಗು ಸೆಂಗೆನ್ ತೈಶಾ ದೇಗುಲಕ್ಕೆ ಸೇರಿದ್ದು. ಹಿಂದೆ ಬಿಳಿ ಬಟ್ಟೆಯ ಯಾತ್ರಿಕರು ಕಣ್ಣು, ಕಿವಿ, ಮೂಗು, ನಾಲಿಗೆ, ದೇಹ, ಮನಸ್ಸು ಈ ಆರೂ ಶುದ್ಧವಾಗಲಿ ಎಂದು ಹೇಳಿಕೊಳ್ಳುತ್ತ ಹತ್ತುತ್ತಿದ್ದರು. ಹೆಂಗಸರಿಗಿದ್ದ ನಿಷೇಧ ತೆರವಾದದ್ದು 1872ರಲ್ಲಿ. 2013ರಲ್ಲಿ ಯುನೆಸ್ಕೊ ಫುಜಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ನೈಸರ್ಗಿಕ ತಾಣವೆಂದಲ್ಲ, ಸಾಂಸ್ಕೃತಿಕ ತಾಣವೆಂದು.

ಕುಳಿಯ ಸುತ್ತಿನ ದಾರಿ ಸುಮಾರು 3 ಕಿಲೋಮೀಟರ್. ಒಂದೂವರೆ ಗಂಟೆ ಸಾಕು, ಎರಡು ಗಂಟೆ ಇಟ್ಟುಕೊಳ್ಳಿ. ಯೋಶಿದಾ ಕಡೆಯಿಂದ ಮೇಲೆ ಬಂದವರು ಎಡಕ್ಕೆ ಹೊರಟರೆ ಕುಳಿ ಬಲಗಡೆಗಿರುತ್ತದೆ. ನಮ್ಮ ಪ್ರದಕ್ಷಿಣೆಯಂತೆಯೇ ಇದು ಇಲ್ಲಿನ ಹಳೆಯ ಕ್ರಮ. ಗೊತೆಂಬಾ ದಾರಿಯ ತುದಿ ದಾಟಿದ ಮೇಲೆ ಫುಜಿನೊಮಿಯಾ ದಾರಿಯ ತುದಿಯಲ್ಲಿ ಸೆಂಗೆನ್ ದೇಗುಲದ ಶಿಖರ ಸನ್ನಿಧಿಯಿದೆ. ಹಂಗಾಮಿನ ಕೆಲವು ವಾರ ಅದರ ಪಕ್ಕದಲ್ಲೇ ಅಂಚೆ ಕಚೇರಿಯೂ ತೆರೆದಿರುತ್ತದೆ. ಊರಿಗೆ ಒಂದು ಕಾರ್ಡು ಹಾಕಬಹುದು. ಅಲ್ಲಿಂದ ಉಮನೊಸೆ ಎಂಬ ಕಡಿದಾದ ಜಲ್ಲಿಯೇರು. ಎರಡು ಹೆಜ್ಜೆ ಇಟ್ಟರೆ ಒಂದು ಜಾರುತ್ತದೆ. ಅದರ ತಲೆಯಲ್ಲಿರುವುದೇ ಕೆಂಗಮಿನೆ, ಜಪಾನಿನ ಅತಿ ಎತ್ತರದ ಬಿಂದು. ಹಲವರು ಈ ಸುತ್ತು ಹಾಕದೆ ಇಳಿಯುವುದರಿಂದ, ಫುಜಿ ಹತ್ತಿಯೂ ಈ ಬಿಂದುವನ್ನು ಮುಟ್ಟಿರುವುದಿಲ್ಲ. ಚಂಡಮಾರುತಗಳ ಮೇಲೆ ಕಣ್ಣಿಡಲು 1964ರಲ್ಲಿ ಕಟ್ಟಿ 1999ರವರೆಗೆ ನಡೆಸಿದ ಹವಾಮಾನ ರೇಡಾರ್ ಇದ್ದದ್ದು ಇಲ್ಲೇ.

ಒಳಗೋಡೆಗಳನ್ನು ಗಮನವಿಟ್ಟು ನೋಡಿ. ಒಂದೊಂದು ಸ್ಫೋಟವೂ ಬಿಟ್ಟುಹೋದ ಕೆಂಪು, ಕಂದು, ಕಪ್ಪು ಪದರಗಳು ಅಲ್ಲಿ ಪಟ್ಟೆಪಟ್ಟೆಯಾಗಿ ಬಿಚ್ಚಿಕೊಂಡಿವೆ. ನೆರಳಿನ ಮೂಲೆಯಲ್ಲಿ ಬೇಸಿಗೆಯಲ್ಲೂ ಹಿಮದ ತುಣುಕು ಉಳಿದಿರುತ್ತದೆ. ಬೆಟ್ಟ ಹೇಗೆ ಹುಟ್ಟಿತೆಂಬುದು ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ಇಡೀ ದಾರಿಯಲ್ಲಿ ಇನ್ನೊಂದಿಲ್ಲ. ಕುಳಿಯೊಳಗೆ ಇಳಿಯುವುದು ನಿಷಿದ್ಧ. ಗಾಳಿ ಜೋರಾಗಿದ್ದರೆ ಅಂಚಿನ ಸುತ್ತನ್ನೂ ಬಿಟ್ಟುಬಿಡಿ.

ಇಳಿಯುವಾಗ

ಗಾಯಗಳಾಗುವುದು ಹೆಚ್ಚಾಗಿ ಇಳಿಯುವಾಗ. ಮಂಡಿ ಸೋತಿರುತ್ತದೆ, ಮನಸ್ಸು ಬಸ್ಸಿನ ವೇಳೆಯ ಮೇಲಿರುತ್ತದೆ. ಹೆಜ್ಜೆ ಚಿಕ್ಕದಿರಲಿ, ಊರುಗೋಲು ಬಳಸಿ. ಯೋಶಿದಾ ಮತ್ತು ಸುಬಾಶಿರಿಯವರು ತುದಿಯಿಂದ ಒಂದೇ ದಾರಿಯಲ್ಲಿ ಇಳಿದು ಎಂಟನೇ ಹಂತದಲ್ಲಿ ಕವಲೊಡೆಯುತ್ತಾರೆ. ಇಲ್ಲಿ ಗಮನ ತಪ್ಪಿ ಬೇರೆ ಕಡೆ ಇಳಿದುಬಿಡುವವರು ಪ್ರತಿ ವರ್ಷವೂ ಇದ್ದಾರೆ. ಹಳದಿಯೋ ಕೆಂಪೋ, ನಿಮ್ಮ ಬಣ್ಣವನ್ನು ನೋಡಿಯೇ ತಿರುಗಿ. ಸುಬಾಶಿರಿ ಮತ್ತು ಗೊತೆಂಬಾ ದಾರಿಗಳಲ್ಲಿ ಆಳವಾದ ಬೂದಿಮರಳಿನ ಇಳಿಜಾರಿದೆ. ಹಿಮ್ಮಡಿ ಊರಿ ದೊಡ್ಡ ಹೆಜ್ಜೆಯಲ್ಲಿ ಸರಸರನೆ ಇಳಿಯಬಹುದು. ಗೇಟರ್ ಮತ್ತು ಮೂಗಿಗೊಂದು ಬಟ್ಟೆ ಮರೆಯದಿರಿ.

ತುದಿ ಹತ್ತಲಾಗದವರಿಗೆ

ಅಪ್ಪ-ಅಮ್ಮನನ್ನೋ ಪುಟ್ಟ ಮಕ್ಕಳನ್ನೋ ಕರೆದುಕೊಂಡು ಹೋದವರು ನಿರಾಶರಾಗಬೇಕಿಲ್ಲ. ಹಂಗಾಮಿನಲ್ಲಿ ಫುಜಿನೊಮಿಯಾ ಐದನೇ ಹಂತದಿಂದ ಸುಮಾರು ಒಂದು ಗಂಟೆ ನಡೆದರೆ ಹೊಯೆಯಿ ಕುಳಿ ಸಿಗುತ್ತದೆ. ಫುಜಿ ಕೊನೆಯ ಸಲ ಸಿಡಿದದ್ದು ಇಲ್ಲಿಂದ. 1707ರ ಅಕ್ಟೋಬರ್ 28ರಂದು ದೊಡ್ಡ ಭೂಕಂಪವಾಗಿ, 49 ದಿನಗಳ ನಂತರ ಬೆಟ್ಟದ ಪಕ್ಕೆ ಬಿರಿಯಿತು. ಎರಡು ವಾರಕ್ಕೂ ಹೆಚ್ಚು ಕಾಲ ಎದ್ದ ಬೂದಿ ಸುಮಾರು 100 ಕಿಲೋಮೀಟರ್ ದೂರದ ಎದೊ ಪಟ್ಟಣದ, ಅಂದರೆ ಇಂದಿನ ಟೋಕಿಯೊದ, ಮೇಲೂ ಸುರಿಯಿತು. ಆ ಕುಳಿ ತುದಿಯ ಕುಳಿಗಿಂತ ದೊಡ್ಡದು. ಯೋಶಿದಾ ಐದನೇ ಹಂತದಿಂದ ಒಕುನಿವಾ ಕಡೆಗೆ ಹೋಗುವ ಹೆಚ್ಚು ಏರಿಳಿತವಿಲ್ಲದ ಒಚುದೊ ಕಾಡುಹಾದಿಯೂ ಹಿರಿಯರಿಗೆ ಹಿತ.

ಬೆಟ್ಟ ಇನ್ನೂ ಜೀವಂತ

ಫುಜಿ 300 ವರ್ಷ ಸುಮ್ಮನಿದ್ದರೂ ಜಪಾನಿನ ಹವಾಮಾನ ಸಂಸ್ಥೆಯ ಲೆಕ್ಕದಲ್ಲಿ ಅದು ಸಕ್ರಿಯ ಜ್ವಾಲಾಮುಖಿ. 2014ರ ಸೆಪ್ಟೆಂಬರ್ 27ರಂದು ಜಪಾನಿನದೇ ಒಂತಾಕೆ ಬೆಟ್ಟ ನಡುಹಗಲಲ್ಲಿ ಹಠಾತ್ತನೆ ಸಿಡಿದಾಗ ತುದಿಯ ಸುತ್ತ ಇದ್ದ 63 ಚಾರಣಿಗರು ಸತ್ತರು ಅಥವಾ ಕಾಣೆಯಾದರು. ಆ ದಿನ ಎಚ್ಚರಿಕೆಯ ಮಟ್ಟ ಅತಿ ಕೆಳಗಿನ 1ರಲ್ಲಿತ್ತು. ಹೆದರಿ ಮನೆಯಲ್ಲಿರಿ ಎಂದು ಇದನ್ನು ಹೇಳುತ್ತಿಲ್ಲ. ಹೊರಡುವ ಬೆಳಗ್ಗೆ ಎಚ್ಚರಿಕೆಯ ಮಟ್ಟ ನೋಡಿ, ಹೆಲ್ಮೆಟ್ ಒಯ್ಯಿರಿ, ಮೇಲೆ ಹತ್ತಿರದ ತಂಗುಮನೆ ಯಾವ ಕಡೆಗಿದೆ ಎಂಬುದು ಗೊತ್ತಿರಲಿ, ಪರ್ವತ ಚಿಕಿತ್ಸೆಯೂ ಸೇರಿದ ಪ್ರವಾಸ ವಿಮೆ ಮಾಡಿಸಿ. ತುರ್ತಿಗೆ ಪೊಲೀಸ್ 110, ಆಂಬುಲೆನ್ಸ್ 119.

ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ ಅಂಡಮಾನಿನ ಬ್ಯಾರೆನ್ ದ್ವೀಪದಲ್ಲಿದೆ. ಪ್ರವಾಸಿಗರು ಅಲ್ಲಿ ಇಳಿದು ಹತ್ತುವಂತಿಲ್ಲ. ಹಾಗಾಗಿ ಭೂಮಿ ತನ್ನೊಳಗಿನದನ್ನು ಹೊರಹಾಕಿದ ಬಾಯಿಯ ಅಂಚಿನಲ್ಲಿ ನಡೆಯುವ ಅವಕಾಶ ನಮಗೆ ದೂರ ಹೋದರೆ ಮಾತ್ರ ಸಿಗುವಂಥದ್ದು. ಅಷ್ಟು ದೂರ ಹೋಗಿ ಅದನ್ನು ಅವಸರಕ್ಕೆ ಬಲಿಕೊಡಬೇಡಿ. ಮುಂದಿನ ಬೇಸಿಗೆಗೆ ಹೊರಡುವುದಾದರೆ ಏಪ್ರಿಲ್ ಹೊತ್ತಿಗೆ ತಂಗುಮನೆಯ ದಿನಾಂಕ ಗೊತ್ತುಮಾಡಿ, ಆಮೇಲೆ ವಿಮಾನದ ಟಿಕೆಟ್ ತೆಗೆಯಿರಿ. ಅಲ್ಲಿಯವರೆಗೆ ವಾರಕ್ಕೆ ಎರಡು-ಮೂರು ಸಲ ಬೆನ್ನಿಗೆ ಐದಾರು ಕಿಲೋ ಹೊತ್ತು ಮೆಟ್ಟಿಲು ಹತ್ತಿ, ಅದಕ್ಕಿಂತ ಮುಖ್ಯವಾಗಿ, ಇಳಿದು ಮಂಡಿಗಳನ್ನು ಪಳಗಿಸಿ. ಮೋಡ ಮುಚ್ಚಿದರೂ ತಲೆ ಸಿಡಿದರೂ ಎಂಟನೇ ಹಂತದಿಂದಲೇ ಹಿಂದಿರುಗುವುದಕ್ಕೆ ಹೊರಡುವ ಮೊದಲೇ ಮನಸ್ಸನ್ನು ಸಿದ್ಧ ಮಾಡಿಕೊಂಡವರು ಫುಜಿಗೆ ಹೋಗಲು ಯೋಗ್ಯರು.